ಒಲೆಯ ಪಕ್ಕದ ಕರು

ಹಿಂದೆ ರಷ್ಯಾ ದೇಶದ ಒಕ್ಕಲು ಮನೆಗಳಲ್ಲಿ ಚಳಿಗಾಲದಲ್ಲಿ ಹುಟ್ಟಿದ ಕರುವನ್ನು ಒಳಗೆ ತಂದು ಒಲೆಯ ಪಕ್ಕದಲ್ಲೇ ಕಟ್ಟುತ್ತಿದ್ದರು. ಅಲ್ಲಿನ ಚಳಿ ಅಂದರೆ ಸಾಮಾನ್ಯದ್ದಲ್ಲ. ಕುದುರೆ ಬಿಟ್ಟ ಉಸಿರು ಗಟ್ಟಿಯಾಗಿ ಗೋಡೆಗೆ ಒರಗಿ ನಿಲ್ಲುತ್ತಿತ್ತು! ಯೆಫಿಮ್ ಎಂಬ ರೈತನ ಕುದುರೆಗೆ ಲಾಯದಲ್ಲಿ ನಿಂತು, ಒಳಗೆ ಬೆಚ್ಚಗಿದ್ದ ಕರುವನ್ನು ನೆನೆದು, ಮನೆಯ ಹೊಗೆ ನೋಡಿ ನೋಡಿ ಹೊಟ್ಟೆ ಉರಿಯಿತು. ಆ ಉರಿಯಿಂದ ಮೈ ಮಾತ್ರ ಬೆಚ್ಚಗಾಗಲಿಲ್ಲ.

ಹಗ್ಗ ಕಿತ್ತುಕೊಂಡು ಹೋಗಿ ಮನೆ ಬಾಗಿಲಲ್ಲಿ ನಿಂತು ಕೂಗಿತು: “ಏ ಕರುವೇ! ನೇಗಿಲು ಎಳೆಯುವವನು ನಾನು, ಕಾಡಿನಿಂದ ಸೌದೆ ಎಳೆದು ತಂದವನೂ ನಾನು. ಆ ಸೌದೆಯ ಬೆಂಕಿ ಕಾಯಿಸಿಕೊಳ್ಳುವವನು ನೀನೋ?”

“ಕೋಪ ಮಾಡ್ಕೋಬೇಡ ಮಾವಾ,” ಎಂದಿತು ಕರು. “ನಾನು ನಿನ್ನೆ ತಾನೇ ಹುಟ್ಟಿದವನು. ಹೊರಗೆ ಬಂದರೆ ಸತ್ತೇ ಹೋಗ್ತೀನಿ.”

“ಹುಟ್ಟುತ್ತಲೇ ನೆವ ಹೇಳೋದು ಕಲಿತುಬಿಟ್ಟೆಯಾ?” ಎನ್ನುತ್ತ ಕುದುರೆ ಎದೆ ಕೊಟ್ಟು ನುಗ್ಗಿತು. ತಲೆ ಒಳಗೆ ಹೋಯಿತು, ಹೊಟ್ಟೆ ಸಿಕ್ಕಿಕೊಂಡಿತು, ಬಾಗಿಲು ಚೂರುಚೂರಾಯಿತು.

ಯೆಫಿಮ್ ಹೊಡೆಯಲಿಲ್ಲ, ಉಳುವುದಕ್ಕೆ ಇದ್ದ ಕುದುರೆ ಅದೊಂದೇ. ಅದನ್ನು ಹೊರಕ್ಕೆ ತಳ್ಳಿ ಲಾಯಕ್ಕೆ ಕಟ್ಟಿದ. ಆದರೆ ಒಳಗೆ ಕರುವಿನ ಜೊತೆ ಹೆಂಡತಿ ಮಕ್ಕಳೂ ಗಡಗಡ ನಡುಗುತ್ತಿದ್ದರು. ಕಾಡಿನ ದಾರಿ ಹಿಮದಲ್ಲಿ ಮುಚ್ಚಿಹೋಗಿತ್ತು, ಹಲಗೆಗೆ ಎಲ್ಲಿಗೆ ಹೋಗುವುದು? ಲಾಯದ ಒಂದು ಗೋಡೆಯನ್ನೇ ಕಿತ್ತು, ಆ ಹಲಗೆಗಳಿಂದ ಹೊಸ ಬಾಗಿಲು ಮಾಡಿ ನಿಲ್ಲಿಸಿದ.

ಗೋಡೆಯಿಲ್ಲದ ಲಾಯದಲ್ಲಿ ಕುದುರೆ ಹಲ್ಲು ಕಡಿಯುತ್ತ ನಿಂತಿದ್ದಾಗ ಒಳಗಿನಿಂದ ಕರು ಕೂಗಿ ಹೇಳಿತು: “ಮಾವಾ, ಹೊಸ ಬಾಗಿಲು ಎಷ್ಟು ಗಟ್ಟಿಯಾಗಿದೆ ಅಂತೀಯಾ! ಒಂಚೂರೂ ಗಾಳಿ ಬರಲ್ಲ. ಹಲಗೆ ಕೊಟ್ಟ ಪುಣ್ಯಾತ್ಮ ಯಾರೋ, ನೂರು ಕಾಲ ಬಾಳಲಿ!”