ಗಾಳಿ ಕೊಡುವ ಹಸಿರು ಪೈಪು

ಸಲೂನಿನ ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪು ಸೀಳಿಹೋಯಿತು. ಮಾಲೀಕ ತಿಪ್ಪೇಶ ಗಿಡಕ್ಕೆ ನೀರು ಹಾಯಿಸುವ ಹಸಿರು ಪೈಪಿನ ತುಂಡೊಂದನ್ನು ಕತ್ತರಿಸಿ ಪಂಪಿಗೆ ಸಿಕ್ಕಿಸಿದ. ಗುಳ್ಳೆ ಎದ್ದದ್ದೇ ತಡ, ತೊಟ್ಟಿಯ ಹಿರಿಯ ಮೀನೂ ಮರಿಗಳೂ ಪೈಪಿಗೆ ಮುತ್ತಿಕೊಂಡವು.

"ನನ್ನ ಹತ್ತಿರ ಬರಬೇಡಿ," ಎಂದಿತು ಪೈಪು. "ನನ್ನ ಪ್ಲಾಸ್ಟಿಕ್ಕು ನೀರಿಗೆ ವಿಷ ಬಿಡುತ್ತದೆ. ಈ ನಾತ ನಿಮಗೆ ತಿಳಿಯುತ್ತಿಲ್ಲವೇ?"

"ಉಸಿರು ಕೊಡುವವರು ವಿಷ ಕೊಡುತ್ತಾರೆಯೇ?" ಎಂದಿತು ಹಿರಿಯ ಮೀನು. ಮರಿಗಳು ನಿಶ್ಚಿಂತೆಯಿಂದ ಆಟಕ್ಕಿಳಿದವು.

ಮರುದಿನ ಮರಿಗಳೆಲ್ಲ ಮೇಲೆ ಬಂದು ಬಾಯಿ ಬಿಡತೊಡಗಿದವು. ತಿಪ್ಪೇಶನಿಗೆ ಅಯ್ಯೋ ಎನಿಸಿತು. "ಪಾಪ, ಗಾಳಿ ಸಾಲುತ್ತಿಲ್ಲ," ಎಂದವನೇ ಪೈಪನ್ನು ಇನ್ನಷ್ಟು ಆಳಕ್ಕೆ ಇಳಿಬಿಟ್ಟು ಪಂಪನ್ನು ಜೋರು ಮಾಡಿದ.

ಸಂಜೆಯ ಹೊತ್ತಿಗೆ ಮರಿಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲಿದವು. ಉಳಿದದ್ದು ಹಿರಿಯ ಮೀನು ಒಂದೇ. ಅದು ವಾಲಾಡುತ್ತಾ ಮತ್ತೆ ಪೈಪಿನ ಬಾಯಿಗೇ ಬಂತು.

"ನಿನ್ನೆಯೇ ಹೇಳಿದೆ, ನೀನು ನಂಬಲಿಲ್ಲ," ಎಂದಿತು ಪೈಪು.

"ನಿನ್ನೆಯೇ ನಂಬಿದ್ದೆ," ಎಂದಿತು ಮೀನು. "ಆದರೆ ಮರಿಗಳಿಗೆ ಬೇರೆ ಗಾಳಿಯನ್ನು ಎಲ್ಲಿಂದ ತರಲಿ?"

ಗುಳ್ಳೆಗಳನ್ನು ತಡೆಯುವುದು ಪೈಪಿನ ಕೈಯಲ್ಲಿರಲಿಲ್ಲ. ಮೀನು ಇನ್ನೊಂದು ಉಸಿರು ಎಳೆದುಕೊಂಡಿತು.