ಎರಡು ರೌಟರುಗಳ ಅರಮನೆ

ಕಡಲಗೆರೆಯ ಕೋಟೆಬಾಗಿಲಲ್ಲಿ ನಿಂತು ಡಂಗುರದವನು ಸಾರಿದ: "ಮಹಾರಾಜ ಕಾಳಿಂಗರಸರ ಆಜ್ಞೆ. ಅರಮನೆಗೆ ಹೊಸ ವೈಫೈ ರೌಟರ್ ಬಂದಿದೆ. ಇನ್ನು ಮುಂದೆ ಒಂದು ಮನೆಯಲ್ಲಿ ಎರಡು ರೌಟರ್ ಇರಕೂಡದು. ಹಳೆಯವನ್ನೆಲ್ಲ ಹುಣ್ಣಿಮೆಯೊಳಗೆ ಅರಮನೆಯ ಅಂಗಳಕ್ಕೆ ತಂದು ಒಡೆಸಬೇಕು. ಎರಡೂ ಒಟ್ಟಿಗೆ ಬಾಳಬಲ್ಲವು ಎನ್ನುವವರಿದ್ದರೆ ಸಭೆಗೆ ಬಂದು ಮೂರು ಒಗಟು ಬಿಡಿಸಲಿ. ಬಿಡಿಸಿದವರಿಗೆ ಬೇಡಿದ್ದು ಸಿಗುವುದು. ತಪ್ಪಿದವರ ತಲೆ ಹೋಗುವುದು."

ಈ ಆಜ್ಞೆಗೆ ಕಾರಣವಿತ್ತು. ಹೊಸ ರೌಟರ್ ಸಿಂಹಾಸನದ ಪಕ್ಕದಲ್ಲಿ ಕೂತಿತ್ತು. ನಡುವಿನ ಕಲ್ಲುಗೋಡೆ ಎಷ್ಟು ದಪ್ಪವೆಂದರೆ, ಅದರ ಸಿಗ್ನಲ್ ಹಿಂದಿನ ಅಂತಃಪುರವನ್ನು ಸರಿಯಾಗಿ ಮುಟ್ಟುತ್ತಿರಲಿಲ್ಲ. ಅದಕ್ಕೇ ರಾಜಕುಮಾರಿ ಪದುಮಲೆ ಹಳೆಯದನ್ನು ತನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದಳು. ಯಾರೋ ಸೇವಕರು ಎರಡನ್ನೂ ಹೇಗೆ ಹೇಗೋ ಜೋಡಿಸಿದರು. ಅರಮನೆಯ ನೆಟ್ಟೆಲ್ಲ ನಿಂತುಹೋಯಿತು. ಪರದೇಶದ ದೊರೆಯೊಡನೆ ಮಾತಾಡುತ್ತಿದ್ದ ಅರಸರ ಮುಖ ತೆರೆಯ ಮೇಲೆ ಬಾಯಿ ತೆರೆದಂತೆಯೇ ಉಳಿಯಿತು, ಎಲ್ಲರೂ ನಕ್ಕರು. ಅರಸರು ಹಳೆಯದನ್ನು ಒಡೆಯಿರಿ ಎಂದರು. ಪದುಮಲೆ ಬಾಗಿಲಿಗೆ ಅಗುಳಿ ಹಾಕಿಕೊಂಡು ಕೂತಳು. ತಪ್ಪು ಜೋಡಿಸಿದವರದು, ಅದರದಲ್ಲ ಎಂದು ಒಳಗಿನಿಂದಲೇ ವಾದಿಸಿದಳು. ಮಗಳ ಹಟಕ್ಕೆ ಮಣಿದು ಅರಸರು ಒಗಟಿನ ಮಾತು ಸೇರಿಸಿದ್ದರು.

ಮೊದಲು ಬಂದವನು ನೆರೆರಾಜ್ಯದ ಯುವರಾಜ. ಅರಸರು ಕೇಳಿದರು: "ಒಂದು ಊರಿಗೆ ಇಬ್ಬರು ಶಾನುಭೋಗರು. ಬಂದವರಿಗೆ ಮನೆ ನಂಬರು ಕೊಡುವುದು ಇಬ್ಬರ ಕೆಲಸ. ಒಬ್ಬ ಕೊಟ್ಟ ನಂಬರನ್ನೇ ಇನ್ನೊಬ್ಬ ಬೇರೆಯವನಿಗೆ ಕೊಡುತ್ತಾನೆ. ಬಂದ ಓಲೆ ಯಾರಿಗೂ ತಲುಪುತ್ತಿಲ್ಲ. ಇಬ್ಬರನ್ನೂ ಊರಲ್ಲೇ ಇಟ್ಟುಕೊಂಡು ಸರಿಪಡಿಸುವುದು ಹೇಗೆ?"

ಒಬ್ಬ ಹಗಲು, ಒಬ್ಬ ರಾತ್ರಿ ಕೆಲಸ ಮಾಡಲಿ ಎಂದ ಯುವರಾಜ. ಹುಣ್ಣಿಮೆಯ ದಿನ ತಲೆ ತೆಗೆಯಲೆಂದು ಅವನನ್ನು ಸೆರೆಮನೆಗೆ ಒಯ್ದರು. ಆಮೇಲೆ ಬಂದ ಸೆಟ್ಟರ ಮಗ ಊರನ್ನೇ ಎರಡು ಮಾಡಿಬಿಡಿ ಎಂದ. ಆಗ ಈಚೆಯವರಿಗೆ ಆಚೆಯವರು ಸಿಗುವುದಿಲ್ಲ, ನಾನು ಕೇಳಿದ್ದು ಒಂದೇ ಊರು ಎಂದರು ಅರಸರು. ಅವನೂ ಸೆರೆಮನೆ ಸೇರಿದ. ಮತ್ತೆ ಯಾರೂ ಮುಂದೆ ಬರಲಿಲ್ಲ.

ಹೂವಾಡಿಗರ ಕೇರಿಯಲ್ಲಿ ಬಿಲ್ಲಯ್ಯ ಎಂಬ ಹುಡುಗನಿದ್ದ. ಮಾಲೆ ಕಟ್ಟಿ ಬದುಕುವವನು. ಆ ಕೇರಿಗೆ ಹೂವಿನ ಬೇಡಿಕೆ ಬರುತ್ತಿದ್ದುದು ಫೋನಿನಲ್ಲಿ, ಫೋನಿಗೆ ನೆಟ್ ಬರುತ್ತಿದ್ದುದು ಉಳ್ಳವರು ಬಿಸಾಡಿದ ಹಳೆಯ ರೌಟರುಗಳಿಂದ. ಹೊಸದೊಂದನ್ನು ಕೇರಿಯವರೆಲ್ಲ ಸೇರಿ ಕೊಂಡಿದ್ದರು, ಹಳೆಯವನ್ನು ಅದಕ್ಕೆ ಜೋಡಿಸಿದವನು ಬಿಲ್ಲಯ್ಯ. ಹುಣ್ಣಿಮೆ ಕಳೆದರೆ ಕೇರಿಯೇ ಕುರುಡಾಗುತ್ತಿತ್ತು. ಹೋಗಬೇಡವೆಂದು ತಾಯಿ ಅತ್ತಳು. ಸುಮ್ಮನಿದ್ದರೂ ಹೊಟ್ಟೆಯ ಮೇಲೆ ಏಟು ಬೀಳುತ್ತದೆ, ಕೇಳಿಯೇ ಬರುತ್ತೇನೆ ಎಂದು ಅವನು ಹೊರಟ.

ಸಭೆಯಲ್ಲಿ ಅವನು ಅರಸರಿಗೆ ಕೈಮುಗಿದು ನಿಂತ. ಮೊದಲ ಒಗಟಿಗೆ, ಒಬ್ಬ ಶಾನುಭೋಗ ಮಾತ್ರ ನಂಬರು ಕೊಡಲಿ, ಇನ್ನೊಬ್ಬ ಆ ಕೆಲಸ ಬಿಟ್ಟು ಬರೀ ಬಾಗಿಲು ಕಾಯಲಿ ಎಂದ. ಬಾಗಿಲು ಕಾಯುವವನ ಸ್ವಂತ ಮನೆಗೂ ಬೇರೆ ನಂಬರಿರಲಿ ಎಂದೂ ಸೇರಿಸಿದ. ಅರಸರು ಒಪ್ಪಲೇಬೇಕಾಯಿತು.

"ಎರಡು ಕೋಣೆಯಲ್ಲಿ ಇಬ್ಬರು ಹಾಡುಗಾರರು," ಎಂದರು ಅರಸರು. "ಮನೆಯವರು ಅತ್ತಿತ್ತ ನಡೆದಾಡಿದರೂ ಹಾಡು ಕಡಿಯಬಾರದು. ಇಬ್ಬರಲ್ಲೂ ಯಾವುದು ಒಂದೇ ಇರಬೇಕು, ಯಾವುದು ಬೇರೆ ಇರಬೇಕು?"

ಬಿಲ್ಲಯ್ಯ ಹೇಳಿದ: "ಹೆಸರು ಒಂದೇ ಇರಬೇಕು, ಪಾಸ್‌ವರ್ಡ್ ಒಂದೇ ಇರಬೇಕು. ಆಗ ಮನೆಯವರನ್ನು ಹೊಸ್ತಿಲಲ್ಲಿ ಯಾರೂ ತಡೆಯುವುದಿಲ್ಲ. ಹಾಡುವ ಶ್ರುತಿ ಬೇರೆ ಇರಬೇಕು. ಅದನ್ನು ಚಾನೆಲ್ ಅಂತೀವಿ. ಒಂದೇ ಆದರೆ ಒಬ್ಬರ ಹಾಡು ಇನ್ನೊಬ್ಬರದಕ್ಕೆ ಅಡ್ಡ ಬರುತ್ತದೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಅರಸರ ಹುಬ್ಬು ಗಂಟಾಯಿತು. ಮೂರನೆಯದನ್ನು ಅವರು ಬಲೆಯಂತೆ ಹೆಣೆದರು. "ಹೊಸದರ ವೇಗ ಕುಗ್ಗಬಾರದು, ಹಳೆಯದರ ಕೆಲಸ ನಿಲ್ಲಬಾರದು. ಅದಕ್ಕಾಗಿ ಈ ಅರಮನೆಯಲ್ಲಿ ಒಂದನ್ನು ಒಡೆಯಲೇಬೇಕು. ಯಾವುದನ್ನು?"

ಹಳೆಯದು ಎಂದರೆ ವಾದ ಸೋತಂತೆ. ಹೊಸದು ಎಂದರೆ ರಾಜದ್ರೋಹ. ಏನೂ ಬೇಡ ಎಂದರೆ ಉತ್ತರವೇ ಅಲ್ಲ. ಬಿಲ್ಲಯ್ಯ ತಲೆಯೆತ್ತಿದ.

"ತಮ್ಮ ಬೆನ್ನ ಹಿಂದಿನ ಗೋಡೆಯನ್ನು, ಪ್ರಭು."

ಅರಸರ ಮುತ್ತಜ್ಜ ಕಟ್ಟಿಸಿದ ಗೋಡೆಯದು. ಅದಕ್ಕೆ ಈವರೆಗೆ ಒಂದು ಮೊಳೆಯನ್ನೂ ಯಾರೂ ಹೊಡೆದಿರಲಿಲ್ಲ.

"ಇದು ಉತ್ತರವೋ, ಉದ್ಧಟತನವೋ?"

"ಎರಡೂ ಇರಬಹುದು. ಆದರೆ ಸರಿಯಾದ ಉತ್ತರ. ಹೊಸದರ ಸಿಗ್ನಲನ್ನು ಹಳೆಯದು ಗಾಳಿಯಲ್ಲೇ ಹಿಡಿದು ಹಂಚಿದರೆ ವೇಗ ಸೋರುತ್ತದೆ. ಒಂದು ಬೆರಳು ತೂರುವಷ್ಟು ತೂತು ಕೊರೆದು ಕೇಬಲ್ ಎಳೆದರೆ ಸೋರುವುದಿಲ್ಲ. ಒಡೆಯುವುದಿದ್ದರೆ ಅಡ್ಡ ನಿಂತದ್ದನ್ನು ಒಡೆಯಬೇಕು. ಹಳೆಯದು ಅಡ್ಡ ನಿಂತಿಲ್ಲ."

ಅರಸರು ಅವನನ್ನು ಹಿಡಿಯಿರಿ ಎಂದರು. ಭಟರು ಮುಂದೆ ಬರುವಷ್ಟರಲ್ಲಿ ಪದುಮಲೆ ಒಳಗಿನಿಂದ ಬಂದಳು. ಅವಳ ಕೈಯಲ್ಲಿ ಉಳಿ, ಸುತ್ತಿಗೆ ಇದ್ದವು.

"ಅಪ್ಪಾಜಿ, ಪರೀಕ್ಷಿಸದೆ ತಪ್ಪು ಅನ್ನಬೇಡಿ," ಎಂದಳು. "ತಪ್ಪಾದರೆ ಅವನ ಜೊತೆ ನನ್ನ ತಲೆಯನ್ನೂ ತೆಗೆಸಿ."

ಅವಳೇ ಗೋಡೆಗೆ ಮೊದಲ ಏಟು ಹಾಕಿದಳು. ಕಲ್ಲಿನ ಚೂರುಗಳು ಸಿಂಹಾಸನದ ಮೇಲೆ ಬಿದ್ದವು. ಭಟರು ಅಲ್ಲಾಡಲಿಲ್ಲ. ಅವಳ ತೋಳು ಸೋತಾಗ ಬಿಲ್ಲಯ್ಯ ಸುತ್ತಿಗೆ ತೆಗೆದುಕೊಂಡ. ತೂತಾದ ಮೇಲೆ ಕೇಬಲ್ ಎಳೆದು, ಹಳೆಯದು ಫೋನುಗಳಿಗೆ ನಂಬರು ಕೊಡುವುದನ್ನು ನಿಲ್ಲಿಸಿ, ತಾನು ಹೇಳಿದ್ದನ್ನೆಲ್ಲ ಮಾಡಿದ. ಆಮೇಲೆ ಅರಸರಿಗೆ ಫೋನು ಕೊಟ್ಟು, ಪರದೇಶದ ದೊರೆಯೊಡನೆ ಮಾತಾಡುತ್ತ ಅಂತಃಪುರದ ಕೊನೆಯವರೆಗೆ ನಡೆಯಲು ಬಿನ್ನವಿಸಿದ. ಅರಸರು ಹೋಗಿ ಬಂದರು. ಮಾತು ಎಲ್ಲೂ ಕಡಿಯಲಿಲ್ಲ.

ಅರಸರು ಫೋನು ಹಿಂದಿರುಗಿಸಿ, ಏನು ಬೇಕೆಂದು ಕೇಳಿದರು.

"ಸೆರೆಯಲ್ಲಿರುವ ಇಬ್ಬರನ್ನೂ ಬಿಡಬೇಕು. ಉತ್ತರ ಗೊತ್ತಿಲ್ಲದ್ದಕ್ಕೆ ಈ ರಾಜ್ಯದಲ್ಲಿ ಇನ್ನು ಯಾರ ತಲೆಯೂ ಹೋಗಬಾರದು."

ಅದು ಬೇರೆಯವರಿಗಾಯಿತು, ನಿನಗೇನು ಎಂದರು ಅರಸರು. ನಾನೂ ಆ ಬೇರೆಯವರಲ್ಲಿ ಒಬ್ಬ ಎಂದ ಬಿಲ್ಲಯ್ಯ. ಆಜ್ಞೆ ಹಿಂದಕ್ಕೆ ಹೋಯಿತು, ಸೆರೆಮನೆಯ ಬಾಗಿಲು ತೆರೆಯಿತು. ಕೆರೆಯ ಕೆಳಗಿನ ಅರಸರ ಮಲ್ಲಿಗೆ ತೋಟ ಬಿಲ್ಲಯ್ಯನ ಹೆಸರಿಗಾಯಿತು. ಅವನು ಅದನ್ನು ಕೇರಿಗೆಲ್ಲ ಹಂಚಿದ.

ಒಂದು ತೊಡಕು ಮಾತ್ರ ಉಳಿಯಿತು. ಸಿಂಹಾಸನವನ್ನು ಗೋಡೆಗೆ ಒತ್ತಿ ಇಟ್ಟರೆ ಕೇಬಲ್ ನಲುಗುತ್ತಿತ್ತು. ಕಡೆಗೆ ಅರಸರೇ ಎದ್ದು, ಭಟರನ್ನು ಕರೆಯದೆ, ಸಿಂಹಾಸನವನ್ನು ತುಸು ಈಚೆಗೆ ಎಳೆದುಕೊಂಡು ಕೂತರು.