ಕಂಬಳಿಯ ಮೇಲೆ ಇಡದ ವಸ್ತು

ಕೊಟ್ರೇಶ ಹೊಳೆದಂಡೆಯ ಆಶ್ರಮಕ್ಕೆ ಬಂದು ಏಳು ತಿಂಗಳಾಗಿತ್ತು. ಅವನಿಗೆ ಇಪ್ಪತ್ತಮೂರು ವರ್ಷ. ಅಡುಗೆಮನೆ ಅವನ ಪಾಲಿಗೆ ಬಂದಿತ್ತು.

ಒಂದು ಮಧ್ಯಾಹ್ನ ಪಾತ್ರೆಗಳನ್ನು ಬೋರಲು ಹಾಕಿ, ಕೈ ಒರೆಸಿಕೊಂಡು ಗುರುಗಳ ಮುಂದೆ ಬಂದು ಕುಳಿತ. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

"ಅಜ್ಜಾರೇ, ನನಗೆ ಕಾವಿ ಕೊಡಿ."

ಅಜ್ಜಾರು ಹರಿದ ಚಾಪೆಯ ಅಂಚು ಹೊಲಿಯುತ್ತಿದ್ದರು. ಸೂಜಿ ನಿಲ್ಲಿಸಲಿಲ್ಲ.

"ಯಾಕೆ? ನಿನ್ನ ಸಾರು ಚೆನ್ನಾಗೇ ಇದೆಯಲ್ಲ."

"ತಮಾಷೆ ಅಲ್ಲ ಅಜ್ಜಾರೇ. ನನಗೆ ಇದೆಲ್ಲ ಸಾಕಾಗಿದೆ."

"ಯಾವುದೆಲ್ಲ?"

ಕೊಟ್ರೇಶ ಹೇಳಿದ. ಮೂರು ವರ್ಷದ ಹೋಟೆಲ್ ಮ್ಯಾನೇಜ್‌ಮೆಂಟ್ ಓದು. ಅದಕ್ಕೆ ಬ್ಯಾಂಕಿನಿಂದ ಆರು ಲಕ್ಷ ಸಾಲ. ಓದು ಮುಗಿದರೆ ವಿದೇಶದ ಹಡಗಿನಲ್ಲಿ ಕೆಲಸ ಎಂದು ಕಾಲೇಜಿನವರು ಹೇಳಿದ್ದರು. ಅವರ ಗೋಡೆಯ ಮೇಲೆ ಹಡಗಿನ ಚಿತ್ರವೂ ಇತ್ತು. ಓದು ಮುಗಿಯಿತು, ಹಡಗಿನ ಸುದ್ದಿ ಇಲ್ಲ. ಸಿಕ್ಕಿದ್ದು ಒಂದೇ ಕೆಲಸ, ವಿದ್ಯಾರ್ಥಿನಿಯರ ಹಾಸ್ಟೆಲಿನಲ್ಲಿ ಅಡುಗೆ. ಅದನ್ನು ಅವನು ಬೇಡವೆಂದ. ಸಾಲದ ಕಂತು ಶುರುವಾದ ತಿಂಗಳು ಫೋನು ಬಂದ್ ಮಾಡಿ ಇಲ್ಲಿಗೆ ಬಂದ.

"ಹಾಸ್ಟೆಲಿಗೆ ಯಾಕೆ ಹೋಗಲಿಲ್ಲ?"

"ಮುನ್ನೂರು ಜನಕ್ಕೆ ಚಿತ್ರಾನ್ನ ಕಲಸೋಕೆ ಆರು ಲಕ್ಷ ಸುರಿದು ಓದಬೇಕಿತ್ತಾ?"

"ಇಲ್ಲಿ ಮೂವತ್ತು ಜನಕ್ಕೆ ಕಲಸ್ತಿದ್ದೀಯ."

"ಇಲ್ಲಿ ಯಾರೂ ನೋಡಲ್ಲ."

ಅಜ್ಜಾರು ದಾರ ಎಳೆದರು.

"ನನಗಾಗ ಹದಿನೆಂಟು ವರ್ಷ ಅಜ್ಜಾರೇ. ಏನು ಗೊತ್ತಿತ್ತು? ಅವರು ಸುಳ್ಳು ಹೇಳಿದರು."

"ಹೇಳಿದರು. ಅದು ಅವರ ತಪ್ಪು. ಅವರ ಬಾಗಿಲಿಗೆ ಹೋಗಿ ಕೇಳಿದೆಯಾ?"

"ಇಲ್ಲ."

"ಸಾಲದ ಕಾಗದದ ಮೇಲೆ ಸಹಿ ಯಾರದು?"

"ನಂದು. ಆದರೆ..." ಕೊಟ್ರೇಶ ಮುಂದಕ್ಕೆ ಬಾಗಿದ. "ಕಾವಿ ಉಟ್ಟವನಿಗೆ ಹಳೇ ಹೆಸರಿರಲ್ಲ ಅಂತ ನೀವೇ ಹೇಳಿದ್ರಿ. ಹೆಸರೇ ಇಲ್ಲದ ಮೇಲೆ ಬ್ಯಾಂಕಿನ ಕಾಗದ ಯಾರಿಗೆ ಬರುತ್ತೆ?"

ಸೂಜಿ ನಿಂತಿತು.

"ಒಳ್ಳೇ ಪ್ರಶ್ನೆ," ಎಂದರು ಅಜ್ಜಾರು. "ಭಾನುವಾರ ಕೊಡುವ ಕಾರ್ಯ ಇಟ್ಟುಕೊಳ್ಳೋಣ."

ಅದು ಆ ಆಶ್ರಮದ ಪದ್ಧತಿ. ಕಾವಿ ಉಡುವ ಮೊದಲು ತನ್ನದೆಲ್ಲವನ್ನೂ ಕಂಬಳಿಯ ಮೇಲೆ ಇಡಬೇಕು. ಒಂದೊಂದನ್ನೂ ಒಬ್ಬರ ಕೈಗೆ ಕೊಡಬೇಕು. ಕೊಡುವವನು 'ಕೊಟ್ಟೆ' ಎನ್ನಬೇಕು, ತೆಗೆದುಕೊಳ್ಳುವವರು 'ಬಂತು' ಎನ್ನಬೇಕು. ಯಾರ ಕೈಗೂ ಸೇರದ ವಸ್ತು ಒಂದು ಉಳಿದರೂ ಕಾವಿ ಇಲ್ಲ.

ಕೊಟ್ರೇಶನಲ್ಲಿ ಕೊಡಲು ಹೆಚ್ಚೇನೂ ಇರಲಿಲ್ಲ. ಕೈಗಡಿಯಾರ ಹರಿಗೋಲಿನ ದುರುಗಪ್ಪನಿಗೆ ಎಂದ. ಅಡುಗೆಯ ಚಾಕುಗಳು ಸೋದರತ್ತೆ ಹಾಲಮ್ಮನಿಗೆ. ತಾಯಿ ಇಲ್ಲದ ಅವನನ್ನು ಸಾಕಿದವಳು ಅವಳು. ಪೇಟೆಯ ನರ್ಸಿಂಗ್ ಹೋಮಿನಲ್ಲಿ ನರ್ಸು.

ಅಜ್ಜಾರು ಆಶ್ರಮದ ಫೋನಿನಿಂದ ಅವಳಿಗೆ ಹೇಳಿ ಕಳಿಸಿದರು.

ಭಾನುವಾರ ಬೆಳಗಿನ ಬಸ್ಸಿಗೆ ಹಾಲಮ್ಮ ಬಂದಳು. ಕೆಲಸ ಮುಗಿಸಿ ನೇರ ಬಂದಿದ್ದಳು, ಬಿಳಿ ಸೀರೆಯಲ್ಲೇ. ಬೈಗುಳಕ್ಕೆ ತಯಾರಾಗಿ ಕೊಟ್ರೇಶ ತಲೆ ತಗ್ಗಿಸಿ ನಿಂತಿದ್ದ. ಅವಳು ಅವನ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿದಳು.

"ಊಟ ಮಾಡ್ತಿದ್ದೀಯೇನೋ? ಅಡುಗೆ ಓದಿದವನು ಹೀಗಾ ಇರೋದು?"

"ಮಾಡ್ತೀನಿ ಅತ್ತೆ."

"ಎಲ್ಲಿದ್ದೀನಿ ಅಂತ ಒಂದು ಮಾತು ಹೇಳಬಾರದಿತ್ತಾ?"

ಅವನು ಅವಳನ್ನು ಒಳಗೆ ಕರೆದುಕೊಂಡು ಹೋದ.

ಅಜ್ಜಾರು ಕಂಬಳಿ ಹಾಸಿದರು. ಮಡಿಸಿದ ಕಾವಿ ಬಟ್ಟೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಮೊದಲು ಗಡಿಯಾರ.

"ಕೊಟ್ಟೆ."

ದುರುಗಪ್ಪ ಅದನ್ನು ಕಿವಿಗೆ ಹಿಡಿದ. "ನಡೀತದೇನಪ್ಪ ಇದು?"

"ನಡೀತದೆ ದುರುಗಣ್ಣ."

"ಹಂಗಾದ್ರೆ ಬಂತು."

ಆಮೇಲೆ ಚಾಕುಗಳು. ದಪ್ಪ ಬಟ್ಟೆಯ ಸುರುಳಿಯಲ್ಲಿ ಐದು ಚಾಕುಗಳಿದ್ದವು. ಕಾಲೇಜಿನ ಮೊದಲ ವರ್ಷ ಕೊಂಡವು. ಆಶ್ರಮದಲ್ಲಿ ಈಳಿಗೆಮಣೆ ಇದ್ದುದರಿಂದ ಅವನು ಸುರುಳಿ ಬಿಚ್ಚಿಯೇ ಇರಲಿಲ್ಲ.

"ಕೊಟ್ಟೆ."

ಹಾಲಮ್ಮ ಒಂದನ್ನು ಹೊರಗೆಳೆದು ನೋಡಿದಳು. "ಇಷ್ಟುದ್ದದ್ದು ತಗೊಂಡು ನಾನೇನು ಮಾಡಲಿ, ಪೇಷಂಟುಗಳನ್ನ ಹೆದರಿಸಲಾ?" ನಕ್ಕಳು. "ಆಯ್ತು. ಬಂತು."

ಬಟ್ಟೆಬರೆ, ಟ್ರಂಕು ಒಬ್ಬೊಬ್ಬರ ಕೈ ಸೇರಿದವು. ಕಂಬಳಿ ಖಾಲಿಯಾಯಿತು.

"ಮುಗಿಯಿತಾ?" ಅಜ್ಜಾರು ಕೇಳಿದರು.

"ಮುಗಿಯಿತು."

"ಕಂಬಳಿಯ ಮೇಲೆ ಇಡದೇ ಇರುವುದು?"

"ಇನ್ನೇನೂ ಇಲ್ಲ ಅಜ್ಜಾರೇ."

"ಸಾಲ?"

ಕೊಟ್ರೇಶ ಖಾಲಿ ಕಂಬಳಿ ನೋಡಿದ. "ಅದು... ವಸ್ತುವಾ?"

"ನಿನ್ನದು ತಾನೇ? ನಿನ್ನದೆಲ್ಲ ಯಾರಿಗಾದರೂ ಕೊಡಬೇಕು. ಯಾರಿಗೆ ಕೊಡ್ತೀಯ?"

ಕೊಟ್ರೇಶ ಸುತ್ತ ನೋಡಿದ. ದುರುಗಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಅದು ನನಗೆ ಬಂತು ಬಿಡ್ರಿ ಅಜ್ಜಾರೇ," ಎಂದಳು ಹಾಲಮ್ಮ. "ಏಳು ತಿಂಗಳಿಂದ ನನ್ನ ಹತ್ರನೇ ಇದೆ."

"ಏನಂದೆ?" ಕೊಟ್ರೇಶ ಅವಳ ಕಡೆ ತಿರುಗಿದ.

"ಜಾಮೀನಿಗೆ ಸಹಿ ಹಾಕಿದ್ದೆನಲ್ಲ. ನೀನು ಸಿಗಲಿಲ್ಲ, ನನ್ನನ್ನ ಕೇಳಿದರು. ಕಟ್ತಾ ಇದ್ದೀನಿ."

"ಜಾಮೀನು ಅಂದ್ರೆ ಬರೇ ಹೆಸರಿಗೆ ಅಂದುಕೊಂಡಿದ್ದೆ ನಾನು."

"ನಾನೂ ಹಂಗೇ ಅಂದುಕೊಂಡಿದ್ದೆ." ಅವಳು ಸೆರಗು ಸರಿ ಮಾಡಿಕೊಂಡಳು. "ಇರಲಿ. ಎರಡು ಪಾಳಿ ಮಾಡಿದರೆ ಆಗುತ್ತೆ. ಮನೇಲಿ ನನಗೇನು ಕೆಲಸ ಇದೆ?"

ಕೊಟ್ರೇಶನ ಕಣ್ಣು ಬಾಗಿಲ ಬಳಿ ಬಿಟ್ಟ ಅವಳ ಚಪ್ಪಲಿಯ ಮೇಲೆ ಹೋಯಿತು. ಅವಳ ಅಳತೆ ಅವನಿಗೆ ಗೊತ್ತಿತ್ತು. ಇವು ಎರಡು ಅಳತೆ ದೊಡ್ಡವು.

"ಚಪ್ಪಲಿ ಯಾರದು ಅತ್ತೆ?"

"ನನ್ನವೇ. ಸಂಜೆ ಹೊತ್ತಿಗೆ ಕಾಲು ಊದುತ್ತೆ. ದೊಡ್ಡದು ಇದ್ದರೆ ಆರಾಮ."



ಅಜ್ಜಾರು ಕಾವಿ ಬಟ್ಟೆಯ ಒಂದು ಮಡಿಕೆ ಬಿಚ್ಚಿದರು.

"ಅವರು ಬಂತು ಅಂದರು. ಈಗ ನೀನು ಕೊಟ್ಟೆ ಅನ್ನಬೇಕು. ಅಷ್ಟಾದರೆ ಇದು ನಿನ್ನದು."

ಕೊಟ್ರೇಶ ಮತ್ತೆ ಆ ಚಪ್ಪಲಿಯ ಕಡೆ ನೋಡಿದ.

"ಹೇಳೋ," ಎಂದಳು ಹಾಲಮ್ಮ ಮೆಲ್ಲಗೆ. "ನನಗೇನೂ ಬೇಜಾರಿಲ್ಲ. ನೀನು ನೆಮ್ಮದಿಯಾಗಿದ್ದರೆ ಸಾಕು."

"ಬೇಗ ಹೇಳಪ್ಪ," ಎಂದ ದುರುಗಪ್ಪ, ಹೊಸ ಗಡಿಯಾರ ನೋಡುತ್ತ. "ಆಚೆ ದಡದಾಗ ಜನ ಕಾಯ್ತಾ ಅದಾರೆ."

ಅಜ್ಜಾರು ಎರಡನೆಯ ಮಡಿಕೆ ಬಿಚ್ಚಿದರು.

"ಆಗಲ್ಲ ಅಜ್ಜಾರೇ."

"ಎರಡೇ ಅಕ್ಷರ."

"ಆಗಲ್ಲ. ಅದು ನಂದು."

ಅಜ್ಜಾರ ಕೈ ಮಡಿಕೆಯ ಮೇಲೆ ನಿಂತಿತು.

ಕೊಟ್ರೇಶ ಎದ್ದು ಅತ್ತೆಯ ಮುಂದೆ ಕುಳಿತ. ಎರಡೂ ಕೈ ಚಾಚಿದ.

"ಅತ್ತೆ, ಅದನ್ನ ವಾಪಸ್ ಕೊಡು."

"ಹುಚ್ಚನ ಹಂಗೆ ಆಡಬೇಡ. ಏನಿದೆ ನಿನ್ನ ಹತ್ರ ಕಟ್ಟೋಕೆ?"

"ಅಡುಗೆ ಬರುತ್ತೆ. ಹಾಸ್ಟೆಲಿಗೆ ಹೋಗಿ ಕೇಳ್ತೀನಿ. ಅಲ್ಲಿ ಆಗದಿದ್ದರೆ ಇನ್ನೊಂದು ಅಡುಗೆಮನೆ. ಕಾಲೇಜಿನವರ ಬಾಗಿಲಿಗೂ ಹೋಗ್ತೀನಿ, ಆ ಹಡಗು ಎಲ್ಲಿ ಅಂತ ಕೇಳೋಕೆ. ಅವರು ಏನಾದರೂ ಹೇಳಲಿ, ಬರೋ ತಿಂಗಳಿಂದ ಕಂತು ನಂದು."

"ಮುನ್ನೂರು ಜನಕ್ಕೆ ಚಿತ್ರಾನ್ನ ಕಲಸ್ತೀಯಾ?" ಅಜ್ಜಾರು ಕೇಳಿದರು.

"ಕಲಸ್ತೀನಿ."

"ಅಲ್ಲಿ ಎಲ್ಲರೂ ನೋಡ್ತಾರಲ್ಲ."

"ನೋಡಲಿ."

ಹಾಲಮ್ಮ ಚಾಚಿದ ಆ ಕೈಗಳನ್ನೇ ನೋಡುತ್ತಿದ್ದಳು. ಎಡಗೈ ಹೆಬ್ಬೆರಳಿನಲ್ಲಿ ಈಳಿಗೆ ತಾಗಿದ ಗಾಯವಿತ್ತು. ಅವಳು ನರ್ಸಿನ ರೂಢಿಯಂತೆ ಅದನ್ನು ಒತ್ತಿ ಪರೀಕ್ಷಿಸಿದಳು. ಒಣಗಿತ್ತು.

"ನನಗೆ ಎರಡು ಪಾಳಿ ಅಭ್ಯಾಸ ಆಗಿದೆ ಕಣೋ."

"ಬಿಡು ಅದನ್ನ. ಕೊಡು ಅತ್ತೆ."

ಹಾಲಮ್ಮ ಖಾಲಿ ಅಂಗೈಯನ್ನು ಅವನ ಅಂಗೈಯ ಮೇಲೆ ಇಟ್ಟಳು.

"ಕೊಟ್ಟೆ."

"ಬಂತು," ಎಂದ ಕೊಟ್ರೇಶ ಗಟ್ಟಿಯಾಗಿ. ಬಾವಿಕಟ್ಟೆಯ ಹತ್ತಿರ ಇದ್ದವರೂ ತಿರುಗಿ ನೋಡಿದರು.

"ಇವೂ ಹೋಗಲಿ," ಎಂದು ಹಾಲಮ್ಮ ಚಾಕುಗಳ ಸುರುಳಿಯನ್ನು ಅವನ ಮಡಿಲಿಗೆ ಹಾಕಿದಳು. "ಕೊಟ್ಟೆ." ಅಷ್ಟು ಹೇಳಿ ಮೂಗು ಒರೆಸಿಕೊಂಡಳು.

"ಬಂತು."

ದುರುಗಪ್ಪ ಗಡಿಯಾರದ ಕೈಯನ್ನು ಬೆನ್ನ ಹಿಂದೆ ಮಾಡಿದ. "ನಂದು ವಾಪಸ್ ಇಲ್ಲ ನೋಡು ಮತ್ತೆ."

"ಅದು ನಿನ್ನದೇ ದುರುಗಣ್ಣ."

ಅಜ್ಜಾರು ಕಾವಿ ಬಟ್ಟೆಯನ್ನು ಮೊದಲಿನ ಹಾಗೆ, ಅಂಚಿಗೆ ಅಂಚು ಸೇರಿಸಿ ಮಡಿಸಿದರು. ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಳ ಹಾಕಿದರು.

ಕೊಟ್ರೇಶ ಅದನ್ನೇ ನೋಡುತ್ತಿದ್ದ.

"ಅಜ್ಜಾರೇ, ಸಾಲ ತೀರೋಕೆ ಎಂಟು ವರ್ಷ ಹಿಡಿಯುತ್ತೆ. ಆಮೇಲೆ ಬಂದರೆ ಕಾವಿ ಕೊಡ್ತೀರಾ?"

ಅಜ್ಜಾರು ಕೈ ಚಾಚಿ ಸುರುಳಿ ಬಿಚ್ಚಿದರು. ಉದ್ದನೆಯ ಚಾಕುವನ್ನು ತೆಗೆದು ಅಲಗಿನ ಮೇಲೆ ಬೆರಳು ಎಳೆದರು. ಬೆರಳ ತುದಿಗೆ ಕೆಂಪು ಪುಡಿ ಹತ್ತಿತು.

"ಬಟ್ಟೆ ಪೆಟ್ಟಿಗೇಲಿ ಇರುತ್ತೆ. ಇದಕ್ಕೆ ತುಕ್ಕು ಹಿಡಿದಿದೆ. ಹೊಳೇಲಿ ಒಳ್ಳೇ ಕಲ್ಲಿದೆ, ಬಸ್ಸು ಬರುವಷ್ಟರಲ್ಲಿ ಮಸೆದುಕೋ."